ತೋಳು ಗಟ್ಟಿಯಾಗಲೆಂದು ಕಾಯಬೇಡ: ಬಂಡೆ ಹತ್ತಲು ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ರಾಕ್ ಕ್ಲೈಂಬಿಂಗ್ ಕಲಿಯಬೇಕೆಂಬ ಆಸೆಯಿದೆ, ಆದರೆ ಮೊದಲು ಕೆಲವು ತಿಂಗಳು ವ್ಯಾಯಾಮ ಮಾಡಿ ತೋಳುಗಳನ್ನು ಗಟ್ಟಿಮಾಡಿಕೊಂಡು ಆಮೇಲೆ ತೊಡಗುತ್ತೇನೆ ಎಂದು ನೀನು ಬರೆದಿದ್ದೆ. ಕಲಿಯುವ ನಿನ್ನ ನಿರ್ಧಾರ ನನಗೆ ತುಂಬ ಸಂತೋಷ ತಂದಿದೆ. ಕಾಯುವ ನಿರ್ಧಾರವನ್ನು ಮಾತ್ರ ಬಿಟ್ಟುಬಿಡು ಎಂದು ಕೇಳಿಕೊಳ್ಳಲು ಈ ಪತ್ರ.

ಹೊಸಬರು ಹತ್ತುವ ಅಭ್ಯಾಸಕ್ಕೆಂದು ಕಟ್ಟಿದ ಗೋಡೆಯ ಮೇಲೆ ಬಹುಬೇಗ ದಣಿಯುತ್ತಾರೆ. ಅದಕ್ಕೆ ತೋಳಿನ ಬಲ ಸಾಲದೆಂಬುದೇ ಕಾರಣವೆಂದು ಎಲ್ಲರೂ ತಿಳಿಯುತ್ತಾರೆ. ನಿಜಕ್ಕೂ ನಡೆಯುವುದೇನೆಂದರೆ, ಬೀಳುವ ಭಯದಲ್ಲಿ ಹಿಡಿಕೆಯನ್ನು ಬೇಕಾದುದಕ್ಕಿಂತ ಬಲವಾಗಿ ಅಮುಕಿ ಹಿಡಿಯುತ್ತಾರೆ. ಮುಂಗೈಯ ಸ್ನಾಯುಗಳು ಎಡೆಬಿಡದೆ ಬಿಗಿದುಕೊಂಡಾಗ ಅವುಗಳೊಳಗಿನ ರಕ್ತನಾಳಗಳು ಒತ್ತಿಹೋಗಿ ರಕ್ತಸಂಚಾರ ಕುಂದುತ್ತದೆ, ಕೈ ಊದಿಕೊಂಡಂತಾಗಿ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಎಷ್ಟೇ ದಪ್ಪ ತೋಳಿದ್ದರೂ ಇದು ತಪ್ಪುವುದಿಲ್ಲ. ಏಣಿ ಹತ್ತುವಾಗ ನಾವು ಕೈಯಿಂದ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುವುದಿಲ್ಲ, ಕಾಲಿನಿಂದ ತುಳಿದು ಏರುತ್ತೇವೆ. ಬಂಡೆಯ ಮೇಲೂ ದೇಹವನ್ನು ಎತ್ತುವ ಕೆಲಸ ತೊಡೆಯದು, ಸಮತೋಲ ಕಾಯುವ ಕೆಲಸ ಕೈಯದು.

ಆದ್ದರಿಂದ ಮೊದಲ ದಿನದಿಂದಲೇ ನಿನ್ನ ಗಮನವೆಲ್ಲ ಪಾದದ ಮೇಲಿರಲಿ. ಪಾದದ ನಡುಭಾಗವನ್ನು ಊರಬೇಡ, ಹೆಬ್ಬೆರಳಿನ ತುದಿಯನ್ನು ಊರು. ಆಗ ಹಿಮ್ಮಡಿಯನ್ನು ಯಾವ ಕಡೆಗಾದರೂ ತಿರುಗಿಸಿ ಸೊಂಟವನ್ನು ಗೋಡೆಗೆ ಹತ್ತಿರ ತರಬಹುದು. ಕಾಲು ತನ್ನ ಜಾಗದಲ್ಲಿ ಸರಿಯಾಗಿ ಕೂರುವವರೆಗೂ ಕಣ್ಣನ್ನು ಅದರಿಂದ ತೆಗೆಯಬೇಡ. ಬಹುಪಾಲು ಹೊಸಬರು ಕೊನೆಯ ಕ್ಷಣದಲ್ಲಿ ಮೇಲಕ್ಕೆ ನೋಡುತ್ತಾರೆ, ಕಾಲು ಜಾರುವುದು ಆಗಲೇ. ನಿಂತು ಯೋಚಿಸುವಾಗ ಮೊಣಕೈಯನ್ನು ಮಡಚದೆ ತೋಳನ್ನು ನೀಳವಾಗಿ ಬಿಟ್ಟು ನಿಲ್ಲು, ಸ್ನಾಯುಗಳ ಮೇಲಿನ ಭಾರ ಬಹಳಷ್ಟು ಇಳಿಯುತ್ತದೆ. ಕಾಲಿಡಲು ಅಂಚೇ ಇಲ್ಲದ ಇಳಿಜಾರು ಬಂಡೆಯಲ್ಲಿ ಹಿಮ್ಮಡಿಯನ್ನು ತಗ್ಗಿಸಿ ಬೂಟಿನ ರಬ್ಬರನ್ನು ಬಂಡೆಗೆ ಒತ್ತಿ ನಿಂತರೆ ಘರ್ಷಣೆಯೇ ನಿನ್ನನ್ನು ಹಿಡಿದಿಡುತ್ತದೆ. ಹೆದರಿ ಭಾರವನ್ನು ಕಾಲಿನಿಂದ ತೆಗೆದರೆ ಮಾತ್ರ ಜಾರುತ್ತೀಯೆ. ನಾನು ಎಲ್ಲರಿಗೂ ಹೇಳುವ ಒಂದು ಅಭ್ಯಾಸವಿದೆ: ಸುಲಭವಾದ ಒಂದೇ ದಾರಿಯನ್ನು, ಪಾದ ಗೋಡೆಗೆ ತಾಗುವಾಗ ಸದ್ದೇ ಆಗದಂತೆ, ಮತ್ತೆ ಮತ್ತೆ ಹತ್ತು. ನಿನ್ನ ವ್ಯಾಯಾಮದ ತಿಂಗಳುಗಳಿಗಿಂತ ಈ ಅಭ್ಯಾಸ ಹೆಚ್ಚು ಕಲಿಸುತ್ತದೆಂದು ನಾನು ಖಂಡಿತವಾಗಿ ನಂಬಿದ್ದೇನೆ.

ಬೂಟನ್ನು ಮೊದಲಿಗೆ ಬಾಡಿಗೆಗೆ ಪಡೆದರೆ ಸಾಕು. ಕೊಳ್ಳುವಾಗ ಬೆರಳುಗಳು ಮುಂತುದಿಗೆ ತಾಗುವಷ್ಟು ಬಿಗಿಯಾದ, ಆದರೆ ನೋಯಿಸದ, ಚಪ್ಪಟೆ ಅಡಿಯ ಜೋಡಿಯನ್ನು ಆರಿಸಿಕೊ.

ಹಗ್ಗವಿಲ್ಲದೆ ತಗ್ಗಾದ ಗೋಡೆ ಹತ್ತುವ ಬೌಲ್ಡರಿಂಗಿನಿಂದ ಆರಂಭಿಸುವುದಾದರೆ, ಹತ್ತುವುದಕ್ಕಿಂತ ಮೊದಲು ಬೀಳುವುದನ್ನು ಕಲಿ. ಅಲ್ಲಿ ಪ್ರತಿ ಬೀಳುವಿಕೆಯೂ ನೆಲಕ್ಕೇ, ಕೆಳಗೆ ಹಾಸಿದ ಮೆತ್ತನೆಯ ಹಾಸಿಗೆ ಎಷ್ಟೇ ದಪ್ಪವಿರಲಿ. ಎರಡೂ ಪಾದಗಳ ಮೇಲೆ, ಮೊಣಕಾಲು ಮಡಚಿ ಇಳಿದು, ಹಾಗೆಯೇ ಬೆನ್ನಿನ ಮೇಲೆ ಹಿಂದಕ್ಕೆ ಉರುಳಬೇಕು. ಕೈಗಳು ಎದೆಯ ಬಳಿಯೇ ಇರಬೇಕು. ನೆಲಕ್ಕೆ ಕೈಯೂರಲು ಹೋದರೆ ಮಣಿಕಟ್ಟು ಅಥವಾ ಮೊಣಕೈ ಮುರಿಯಬಹುದು. ತುದಿ ಮುಟ್ಟಿದ ಸಂತೋಷದಲ್ಲಿ ಧುಮುಕದೆ, ಆದಷ್ಟು ಹಿಡಿಕೆಗಳನ್ನು ಹಿಡಿದುಕೊಂಡೇ ಕೆಳಗಿಳಿ.

ಹಗ್ಗದ ವಿಷಯಕ್ಕೆ ಬಂದರೆ ನನ್ನ ಮಾತು ಇನ್ನಷ್ಟು ಗಂಭೀರವಾಗುತ್ತದೆ. ಹೊಸಬರಿಗೆ ಟಾಪ್ ರೋಪ್ ಸರಿಯಾದ ವಿಧಾನ: ಹಗ್ಗ ಮೇಲಿನ ಆಧಾರದ ಮೂಲಕ ಹಾದು ಕೆಳಗೆ ಬಿಲೇ ಮಾಡುವವರ, ಅಂದರೆ ಹಗ್ಗವನ್ನು ಹಿಡಿದು ನಿನ್ನ ಬೀಳುವಿಕೆಯನ್ನು ತಡೆಯುವ ಜೊತೆಗಾರರ, ಬಳಿಗೆ ಬರುತ್ತದೆ, ಜಾರಿದರೂ ಸ್ವಲ್ಪವೇ ಇಳಿಯುತ್ತೀಯೆ. ಕ್ಲೈಂಬಿಂಗ್ ಹಗ್ಗವು ಬೀಳುವಿಕೆಯ ಹೊಡೆತವನ್ನು ಹಿಗ್ಗಿ ನುಂಗಿಕೊಳ್ಳುವಂತೆ ತಯಾರಾಗಿರುತ್ತದೆ, ಬೇರೆ ಯಾವ ಹಗ್ಗವೂ ಅದರ ಬದಲಿಗೆ ಬರುವುದಿಲ್ಲ. ಬಿಲೇ ಮಾಡುವುದನ್ನು ಪತ್ರದಲ್ಲಿ ಕಲಿಸಲಾಗದು, ಕಲಿಸಲೂಬಾರದು. ತರಬೇತುದಾರರ ಕಣ್ಣೆದುರೇ ಕಲಿ. ಬ್ರೇಕ್ ಹಾಕುವ ಕೈ ಹಗ್ಗವನ್ನು ಯಾವ ಕ್ಷಣದಲ್ಲೂ ಬಿಡಬಾರದು ಎಂಬುದೊಂದನ್ನು ಮಾತ್ರ ಈಗಲೇ ಮನಸ್ಸಿನಲ್ಲಿಟ್ಟುಕೊ.

ಸೊಂಟ, ತೊಡೆಗಳಿಗೆ ತೊಡುವ ಪಟ್ಟಿಯಾದ ಹಾರ್ನೆಸ್‌ಗೆ ಹಗ್ಗ ಕಟ್ಟುವುದು ಎಂಟರ ಆಕಾರದ ಫಿಗರ್ ಏಟ್ ಗಂಟಿನಿಂದ. ಅಮೆರಿಕದ ಕ್ಲೈಂಬರ್ ಲಿನ್ ಹಿಲ್ ಅವರ ಬಗ್ಗೆ ನೀನು ತಿಳಿದಿರಬೇಕು. ಅಮೆರಿಕದ ಯೊಸೆಮಿಟಿಯಲ್ಲಿರುವ ಎಲ್ ಕ್ಯಾಪಿಟನ್ ಬಂಡೆಯ ಸುಮಾರು 900 ಮೀಟರ್ ಎತ್ತರದ ನೋಸ್ ಮಾರ್ಗವನ್ನು, ಹಗ್ಗವನ್ನು ರಕ್ಷಣೆಗಷ್ಟೇ ಬಳಸಿ ಕೈಕಾಲುಗಳಿಂದಲೇ, ಮೊಟ್ಟಮೊದಲು 1993ರಲ್ಲಿ ಹತ್ತಿದವರು ಅವರು, ಮೈಕಟ್ಟಿನಲ್ಲಿ ಪುಟ್ಟವರು. ಅದಕ್ಕೂ ಮೊದಲು, 1989ರಲ್ಲಿ ಫ್ರಾನ್ಸಿನಲ್ಲಿ ಒಂದು ಮಾರ್ಗವನ್ನು ಹತ್ತಿ ಮುಗಿಸಿ ಇಳಿಯಲೆಂದು ಹಗ್ಗಕ್ಕೆ ಮೈಬಿಟ್ಟಾಗ ಅವರು 20 ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದರು, ಏಕೆಂದರೆ ಗಂಟನ್ನು ಕಟ್ಟಿ ಮುಗಿಸಿರಲಿಲ್ಲ. ಮರವೊಂದು ಅಡ್ಡ ಬಂದು ಅವರು ಉಳಿದುಕೊಂಡರು. ಜಗತ್ತಿನ ಅತ್ಯುತ್ತಮ ಕ್ಲೈಂಬರ್‌ಗಳಲ್ಲಿ ಒಬ್ಬರಾಗಿದ್ದಾಗಲೇ ನಡೆದ ಘಟನೆ ಇದು. ಹಾಗಾಗಿ ನೆಲ ಬಿಡುವ ಮುನ್ನ ನಿನ್ನ ಗಂಟು ಮತ್ತು ಬಕಲ್‌ಗಳನ್ನು ಜೊತೆಗಾರ, ಅವನ ಬಿಲೇ ಸಾಧನ ಮತ್ತು ಅದನ್ನು ಹಾರ್ನೆಸ್‌ಗೆ ಜೋಡಿಸುವ ಲೋಹದ ಕೊಂಡಿಯಾದ ಕ್ಯಾರಬೈನರ್‌ನ ಲಾಕನ್ನು ನೀನು, ಮುಟ್ಟಿ ನೋಡಬೇಕು. ಗಂಟು ಕಟ್ಟುತ್ತಿರುವಾಗ ಯಾರಾದರೂ ಮಾತನಾಡಿಸಿದರೆ, ಕಟ್ಟಿ ಮುಗಿಸಿದ ಮೇಲೆ ಉತ್ತರಿಸು. ಅದರಲ್ಲಿ ಸಂಕೋಚವೇ ಬೇಡ.

ಇನ್ನು ಬೆರಳುಗಳು. ಸ್ನಾಯು ಕೆಲವು ವಾರಗಳಲ್ಲೇ ಬಲಗೊಳ್ಳುತ್ತದೆ, ಆದರೆ ಬೆರಳಿನ ಸ್ನಾಯುರಜ್ಜುಗಳೂ ಅವುಗಳನ್ನು ಮೂಳೆಗೆ ಅಂಟಿಸಿ ಹಿಡಿದಿರುವ ಪಟ್ಟಿಗಳೂ ಗಟ್ಟಿಯಾಗಲು ಬಹಳ ತಿಂಗಳುಗಳೇ ಬೇಕು. ತೋಳನ್ನು ಬೆಳೆಸಿಕೊಂಡು ಬಂದವರು ಮೊದಲೇ ಕಷ್ಟದ ಮಾರ್ಗಗಳಿಗೆ ಕೈಹಾಕಿ ಈ ಪಟ್ಟಿಗಳನ್ನು ಹರಿದುಕೊಳ್ಳುವುದುಂಟು. ನಿನ್ನ ಯೋಜನೆಯ ಬಗ್ಗೆ ನನಗಿರುವ ನಿಜವಾದ ಆತಂಕ ಇದೇ. ಬೆರಳುಗಳನ್ನು ಪೂರ್ತಿ ಮಡಚಿ ಹೆಬ್ಬೆರಳಿನಿಂದ ಅದುಮುವ ಹಿಡಿತವನ್ನು ಸದ್ಯಕ್ಕೆ ಬಿಟ್ಟು, ಬೆರಳು ತೆರೆದು ಹಿಡಿಯುವುದನ್ನು ರೂಢಿಸಿಕೊ. ಬೆರಳುಗಳಿಂದ ಹಿಡಿದು ನೇತಾಡಿ ಅಭ್ಯಾಸ ಮಾಡುವ ಹಲಗೆಯಾದ ಹ್ಯಾಂಗ್‌ಬೋರ್ಡಿನ ಹತ್ತಿರ ಮೊದಲ ವರ್ಷ ಹೋಗಬೇಡ. ಹತ್ತಿದ ಮರುದಿನ ಕೈಗೆ ವಿಶ್ರಾಂತಿ ಕೊಡು.

ಹೊರಗಿನ ಬಂಡೆಗೆ ಅನುಭವಿಗಳೊಡನೆ ಮಾತ್ರ ಹೋಗು, ಹೆಲ್ಮೆಟ್ ಮರೆಯಬೇಡ. ಮರಳುಗಲ್ಲಿನ ಬಂಡೆಯಾದರೆ ಮಳೆ ನಿಂತ ಮೇಲೂ ಅದು ಒಳಗೆಲ್ಲ ಒಣಗುವವರೆಗೆ ಹತ್ತಬಾರದು, ಒದ್ದೆಯಾದಾಗ ಅದರ ಹಿಡಿಕೆಗಳೇ ಮುರಿದು ಬರುತ್ತವೆ. ಮಾರ್ಗಗಳ ಕಷ್ಟವನ್ನು ಸೂಚಿಸುವ ಗ್ರೇಡುಗಳ ಬಗ್ಗೆ ಕೇಳಿದ್ದೆ. ಅವು ದೇಶದಿಂದ ದೇಶಕ್ಕೆ, ಬಂಡೆಯಿಂದ ಬಂಡೆಗೆ ಬದಲಾಗುತ್ತವೆ. ಈಗ ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡ.

ಈ ವಾರವೇ ಒಂದು ಆರಂಭಿಕ ತರಗತಿಗೆ ಹೆಸರು ಕೊಟ್ಟು ಬಾ. ಮೊದಲ ದಿನದ ಕೊನೆಗೆ ನಿನ್ನ ತೋಳು ಮೊದಲು ಸೋತಿತೋ ಕಾಲು ಮೊದಲು ಸೋತಿತೋ ಎಂದು ನನಗೆ ಬರೆ. ಮುಂದೆ ಯಾವ ಅಭ್ಯಾಸ ಮಾಡಬೇಕೆಂಬುದನ್ನು ಅದರ ಮೇಲೆ ಹೇಳುತ್ತೇನೆ.

ಇಂತಿ,
ನಿನ್ನ ಗೆಳೆಯ