ಹಕ್ಕಿ ಮುದಿಯಾಗಿರಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಭಾನುವಾರದ ಪುರವಣಿಯಲ್ಲಿ ಟರ್ಕಿ ಮೀಟ್‌ಬಾಲ್ ಮಾಡುವ ವಿಧಾನ ಅಚ್ಚಾಗಿತ್ತು. ಅದರಿಂದ ನನ್ನ ಹಕ್ಕಿಗಳಿಗೆ ಕೆಟ್ಟ ಹೆಸರು ಬಂದಿದೆ. ಅದನ್ನು ತೊಳೆದುಕೊಳ್ಳಲು ಈ ಪತ್ರ. ಉದ್ದವಾಯಿತು ಅನ್ನಿಸಿದರೆ ಕತ್ತರಿಸಿ, ಆದರೆ ಕಡಂಬುಟ್ಟಿನ (ನಮ್ಮ ಕೊಡಗಿನ ಅಕ್ಕಿ ಕಡುಬಿನ) ಭಾಗಕ್ಕೆ ಮಾತ್ರ ಕತ್ತರಿ ಹಾಕಬೇಡಿ.

ನಾನು ಸುಂಟಿಕೊಪ್ಪದ ಪಕ್ಕ 4 ಎಕರೆ ಕಾಫಿ ತೋಟದವಳು. 11 ವರ್ಷದಿಂದ ಮನೆ ಹಿಂದೆ ಟರ್ಕಿ ಸಾಕುತ್ತಿದ್ದೇನೆ. ಫಾರಂ ಅನ್ನುವಷ್ಟೇನಿಲ್ಲ, ವರ್ಷಕ್ಕೆ 20–25 ಹಕ್ಕಿ. ಕಾವಿಗೆ ಕೂರಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತೇನೆ. 28 ದಿನಕ್ಕೆ ಮರಿ ಚಿಪ್ಪು ಒಡೆಯುತ್ತದೆ. ಟರ್ಕಿ ಮರಿಯಷ್ಟು ಪೆದ್ದು ಜೀವ ನಾನು ಕಂಡಿಲ್ಲ. ಮೂಗಿನ ಕೆಳಗೆ ತೌಡು ಇಟ್ಟರೂ ಕುಕ್ಕುವುದು ಗೊತ್ತಾಗುವುದಿಲ್ಲ, ಬಟ್ಟಲಲ್ಲಿ ಬಣ್ಣದ ಗೋಲಿ ಹಾಕಿ ಕಲಿಸಬೇಕು. ನಮ್ಮ ಜೂನ್-ಜುಲೈ ಮಳೆಯಲ್ಲಿ ಒಮ್ಮೆ ನೆನೆದರೆ ಮುಗಿಯಿತು. ನಾಟಿ ಕೋಳಿಗಳ ಜೊತೆ ಬಿಡುವ ಹಾಗಿಲ್ಲ, ಅವುಗಳಿಂದ ರೋಗ ಹತ್ತುತ್ತದೆ. ಇಷ್ಟೆಲ್ಲ ಮಾಡಿ ಬೆಳೆಸಿದ ಹಕ್ಕಿಯನ್ನು ಯಾರಾದರೂ ‘ಮುದಿ’ ಅಂದರೆ ಹೊಟ್ಟೆ ಉರಿಯುತ್ತದೋ ಇಲ್ಲವೋ ನೀವೇ ಹೇಳಿ.

ಅಂದವಳು ಕುಶಾಲನಗರದ ಒಬ್ಬ ಹುಡುಗಿ. ನಾಲ್ಕೂವರೆ ಕೆಜಿಯ ಹೆಣ್ಣು ಹಕ್ಕಿ ಕೊಂಡುಹೋಗಿದ್ದಳು. ‘ಆಂಟಿ, ಬೇಜಾರು ಮಾಡ್ಕೋಬೇಡಿ, ಹಕ್ಕಿ ಬಲ್ತು ಹೋಗಿತ್ತು ಅನ್ಸುತ್ತೆ. ಉಂಡೆ ರಬ್ಬರ್ ಥರ ಆಯ್ತು’ ಎಂದು ಫೋನ್ ಮಾಡಿದಳು. ನಾನು ಫೋನ್ ಹಿಡಿದೇ ಅಡುಗೆಮನೆಗೆ ಓಡಿ ಕ್ಯಾಲೆಂಡರ್ ನೋಡಿದೆ. ಏಳು ತಿಂಗಳು ತುಂಬಿ ಮೂರು ದಿನ. ಅದು ಹರೆಯ, ಮುಪ್ಪಲ್ಲ. ನಾಲ್ಕು ದಿನ ಬಿಟ್ಟು ಮಡಿಕೇರಿಯಿಂದ ಇನ್ನೊಬ್ಬರು. ಅವರು ಪಾಪ ಮೆತ್ತಗಿನವರು. ‘ಹಕ್ಕಿ ಚೆನ್ನಾಗಿತ್ತು ಅಕ್ಕ, ಆದರೆ ತಿನ್ನುವಾಗ ಮರದ ಪುಡಿ ತಿಂದಂಗಾಯ್ತು’ ಅಂದರು. ಹೇಗೆ ಮಾಡಿದಿರಿ ಎಂದು ಕೇಳಿದರೆ ಇಬ್ಬರೂ ಓದಿ ಹೇಳಿದ್ದು ನಿಮ್ಮ ಪುರವಣಿಯ ಅದೇ ತುಂಡು.

ಸರಿ, ನೋಡೇಬಿಡೋಣ ಅಂತ ಒಂದು ಹಕ್ಕಿ ಕೊಯ್ದು ನೀವು ಬರೆದ ಹಾಗೆಯೇ ಮಾಡಿದೆ. ಚರ್ಮ, ಕೊಬ್ಬು ಪೂರಾ ತೆಗೆದ ಎದೆಮಾಂಸ. ನಿಂಬೆರಸ ಹಿಂಡಿ ಎರಡು ಗಂಟೆ. ಒಣ ಬ್ರೆಡ್ ಪುಡಿ ಹಾಕಿ, ‘ಚಪಾತಿ ಹಿಟ್ಟಿನ ಹದಕ್ಕೆ’ ಹತ್ತು ನಿಮಿಷ ನಾದಿದ್ದೂ ಆಯಿತು. ನಿಂಬೆ ಗಾತ್ರದ ಉಂಡೆ ಕಟ್ಟಿ ಬಾಣಲೆಗೆ ಬಿಟ್ಟೆ. ಐದು ನಿಮಿಷಕ್ಕೆ ಉಂಡೆಯ ಮೈಯಿಂದ ಬಿಳಿ ನೊರೆಯಂಥದ್ದು ಒಸರತೊಡಗಿತು, ಎಣ್ಣೆ ಚಟಪಟ ಸಿಡಿಯಿತು, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆ ಒಸರಿದ್ದೇ ರುಚಿ, ಆ ಸಿಡಿದದ್ದೇ ರಸ. ನೀವು ಹೇಳಿದ 25 ನಿಮಿಷ ಮುಗಿಯುವ ಹೊತ್ತಿಗೆ ನಿಂಬೆ ಹೋಗಿ ಅಡಿಕೆ ಗಾತ್ರವಾಗಿತ್ತು. ಯಜಮಾನರು ಒಂದನ್ನು ಅಗಿದು, ಏನೂ ಹೇಳದೆ, ಉಳಿದರ್ಧವನ್ನು ನಾಯಿಗೆ ಎಸೆದರು. ನಾಯಿ ಅದನ್ನು ಅಂಗಳದಲ್ಲಿ ಉರುಳಿಸಿಕೊಂಡು ಆಟವಾಡಿತು.

ತಪ್ಪು ಎಲ್ಲಿ ಅಂತ ಹೇಳದೆ ಬರೀ ಬೈದರೆ ನ್ಯಾಯವಲ್ಲ. ಹಾಗಾಗಿ ಹೇಳುತ್ತೇನೆ.

ಹಸಿ ಮಾಂಸದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ನೀರೇ. ಅದನ್ನು ಹೊರಗೆ ಓಡಿಸದೆ ಬೇಯಿಸುವುದರಲ್ಲಿದೆ ಕೈಚಳಕ. ಕುರಿಯಲ್ಲಿ, ಹಂದಿಯಲ್ಲಿ ಕೊಬ್ಬು ಇರುವುದರಿಂದ ಸ್ವಲ್ಪ ನೀರು ಹೋದರೂ ನಾಲಿಗೆಗೆ ಗೊತ್ತಾಗುವುದಿಲ್ಲ. ಟರ್ಕಿಯ ಎದೆಯಲ್ಲಿ ಚರ್ಮ ತೆಗೆದ ಮೇಲೆ 100 ಗ್ರಾಮಿಗೆ ಕೊಬ್ಬು ಹೆಚ್ಚೆಂದರೆ 2 ಗ್ರಾಂ ಆಸುಪಾಸು. ಅಂಥ ಮಾಂಸವನ್ನು ಕುರಿಯ ಹಾಗೆ ಬೇಯಿಸಿದರೆ ಇನ್ನೇನಾದೀತು? ನಮ್ಮ ಮಾವಿ, ಅಂದರೆ ಯಜಮಾನರ ತಾಯಿ, ಕುರಿಯ ಕೈಮ ಉಂಡೆಗೆ ಹುರಿಗಡಲೆ ಪುಡಿ ಹಾಕುತ್ತಿದ್ದರು, ಅಮೃತದ ಹಾಗಿರುತ್ತಿತ್ತು. ಮೊದಲ ವರ್ಷ ನಾನು ಟರ್ಕಿಗೂ ಅದನ್ನೇ ಹಾಕಿ ಕೈ ಸುಟ್ಟುಕೊಂಡೆ. ಒಣ ಪುಡಿ ಯಾವುದೇ ಇರಲಿ, ಹುರಿಗಡಲೆಯಾಗಲಿ ಬ್ರೆಡ್ಡಾಗಲಿ, ಅದಕ್ಕೆ ಬಾಯಾರಿಕೆ. ಮಾಂಸದ ನೀರನ್ನೇ ಕುಡಿಯುತ್ತದೆ. ಮೊದಲೇ ನೀರು ಕುಡಿಸಿ ತಣಿಸಿದ ಪುಡಿಯಾದರೆ ಮಾಂಸದ ತಂಟೆಗೆ ಬರುವುದಿಲ್ಲ, ಬದಲಿಗೆ ಬೇಯುವಾಗ ಬಿಟ್ಟುಕೊಂಡ ರಸವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊರದೇಶದವರು ಇದಕ್ಕೇ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಹಾಕುವುದು.

ನಮ್ಮಲ್ಲಿ ಬ್ರೆಡ್ ಯಾಕೆ ಬೇಕು? ಕೊಡಗಿನ ಯಾವ ಮನೆಯಲ್ಲಿ ಹಿಂದಿನ ದಿನದ ಕಡಂಬುಟ್ಟು ಮಿಕ್ಕಿರುವುದಿಲ್ಲ ಹೇಳಿ. ಬೆಳಿಗ್ಗೆ ನೋಡಿದರೆ ಕಲ್ಲಿನ ಹಾಗೆ ಕೂತಿರುತ್ತದೆ. ಹೊರ ಜಿಲ್ಲೆಯ ಓದುಗರಿಗೆ: ಅಕ್ಕಿ ತರಿ ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸುವ ಕಡುಬು ಇದು, ಹಂದಿ ಕರಿಗೆ ಜೋಡಿ. ಅದರಲ್ಲಿ ಮೂರನ್ನು ಬೆರಳಲ್ಲಿ ಉದುರಿಸಿ, ಅರ್ಧ ಲೋಟ ಬಿಸಿಯಾದ ಗಟ್ಟಿ ತೆಂಗಿನಹಾಲು ಸುರಿದು 15 ನಿಮಿಷ ಮುಚ್ಚಿಡಿ. ತರಿ ಹಾಲು ಹೀರಿ ಉಬ್ಬಿ, ಮುಟ್ಟಿದರೆ ಮೊಸರನ್ನದ ಹಾಗೆ ಮೆತ್ತಗಾಗಿರಬೇಕು. ಪೂರ್ತಿ ಆರಿದ ಮೇಲೆಯೇ ಮಾಂಸಕ್ಕೆ ಸೇರಿಸಬೇಕು, ಬಿಸಿ ಇರುವಾಗ ಸೇರಿಸಿದರೆ ಕೆಟ್ಟಿತು. ಒಂದು ಕೆಜಿ ಕೈಮಕ್ಕೆ ಇಷ್ಟು ಸಾಕು. ಇದನ್ನು ಕಂಡುಕೊಳ್ಳಲು ನನಗೆ ಮೂರು ವರ್ಷ ಹಿಡಿಯಿತು, ಅದೂ ಒಂದು ದಿನ ಬ್ರೆಡ್ ಮುಗಿದಿದ್ದರಿಂದ.

ಇನ್ನು ಮಾಂಸ. ಮುಕ್ಕಾಲು ಪಾಲು ತೊಡೆ, ಕಾಲು ಪಾಲು ಎದೆ. ನಿಮ್ಮ ಲೇಖಕರು ಕಾಲನ್ನು ಯಾಕೆ ಬಿಟ್ಟರು ಎಂಬುದು ಅರ್ಥವಾಗುತ್ತದೆ: ಟರ್ಕಿಯ ಮೊಣಕಾಲಿನ ಕೆಳಗೆ ಪೊರಕೆ ಕಡ್ಡಿಯಂಥ ಗಟ್ಟಿ ನರಗಳಿರುತ್ತವೆ, ಬಲಿತಂತೆ ಮೂಳೆಯೇ ಆಗಿಬಿಡುತ್ತವೆ. ಆ ಭಾಗವನ್ನು ಸೂಪಿಗೆ ಹಾಕಿ. ತೊಡೆಯಲ್ಲಿ ಆ ಕಾಟವಿಲ್ಲ, ಕಪ್ಪು ಮಾಂಸ, ಕೊಬ್ಬು, ರುಚಿ ಎಲ್ಲ ಅಲ್ಲೇ. ಚರ್ಮವನ್ನೂ ಸಣ್ಣಗೆ ಕೊಚ್ಚಿ ಸೇರಿಸಿ. ನಮ್ಮ ಮನೆಯಲ್ಲಿ ಮೇಲೆ ಎರಡು ಚಮಚ ಹಂದಿ ಕೊಬ್ಬನ್ನೂ ಕೊಚ್ಚಿ ಹಾಕುತ್ತೇವೆ, ತಿನ್ನದವರು ತುಪ್ಪ ಹಾಕಿಕೊಳ್ಳಬಹುದು. ಮಿಷನ್ನಿಗೆ ಕೊಡುವ ಮೊದಲು ತುಂಡುಗಳನ್ನು ಅರ್ಧ ಗಂಟೆ ಫ್ರೀಜರಿನಲ್ಲಿಡಿ. ತಣ್ಣಗಿದ್ದರೆ ಕೈಮ ಹರಳು ಹರಳಾಗಿ ಬರುತ್ತದೆ, ಬಿಸಿಯಾದರೆ ಕೊಬ್ಬು ಕರಗಿ ಅಂಟಂಟು. ಮೂಳೆ, ರೆಕ್ಕೆ ಬಿಸಾಡಬೇಡಿ, ಗ್ರೇವಿಗೆ ಬೇಕು.

ಈರುಳ್ಳಿಯನ್ನು ತುರಿದು, ಸ್ವಲ್ಪ ತುಪ್ಪದಲ್ಲಿ ಬಾಡಿಸಿ ಆರಿಸಿ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ಕುಟ್ಟಿದ ಕರಿಮೆಣಸು, ಒಂದು ಮೊಟ್ಟೆ. ಇವೆಲ್ಲ ಅವರವರ ಕೈಗೆ ಬಂದಷ್ಟು, ಅಳತೆ ಹೇಳುವುದಿಲ್ಲ. ಉಪ್ಪಿಗೆ ಮಾತ್ರ ಹೇಳುತ್ತೇನೆ: ಕೆಜಿಗೆ ಮಟ್ಟವಾಗಿ ಎರಡು ಟೀ ಚಮಚ, ಅದೂ ಕೊನೆಗೆ. ಉಪ್ಪು ತಾಗಿದ ಮಾಂಸವನ್ನು ಜಾಸ್ತಿ ಕಲಸಿದರೆ ಒಳಗಿನ ಅಂಟು ಹೊರಬಂದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಸಾಸೇಜಿಗೆ ಅದು ಬೇಕು, ಉಂಡೆಗೆ ಬೇಡ. ನಿಮ್ಮ ‘ಚಪಾತಿ ಹಿಟ್ಟು’ ರಬ್ಬರ್ ಚೆಂಡಾದದ್ದು ಇಲ್ಲೇ. ಒಂದೇ ಕೈ, ಬೆರಳು ಅಗಲಿಸಿ, ಅವಲಕ್ಕಿಗೆ ಒಗ್ಗರಣೆ ಬೆರೆಸುವ ಹಾಗೆ ಮೇಲೆ ಕೆಳಗೆ ಮಾಡಿ. ಬಿಳಿ ತರಿ ಅಲ್ಲಲ್ಲಿ ಕಾಣುತ್ತಿರುವಾಗಲೇ ಕೈ ತೆಗೆದುಬಿಡಿ. ಒಂದು ಗೋಲಿಯಷ್ಟನ್ನು ತವದ ಮೇಲೆ ಬೇಯಿಸಿ ರುಚಿ ನೋಡಿ, ಉಪ್ಪು ಖಾರ ಸರಿಮಾಡಿ, ಉಳಿದದ್ದನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಒದ್ದೆ ಕೈಯಲ್ಲಿ ಉಂಡೆ ಕಟ್ಟಿ.

ನಿಂಬೆರಸ, ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ), ಮೊಸರು ಯಾವ ಹುಳಿಯನ್ನೂ ಕೈಮದೊಳಗೆ ಹಾಕಬೇಡಿ. ಹುಳಿ ತಾಗಿದರೆ ಮಾಂಸ ಬಿಗಿದು ನೀರು ಬಿಡುತ್ತದೆ. ಹಾಲಿಗೆ ನಿಂಬೆ ಹಿಂಡಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು, ಮಾಂಸ ಅಂದ ಕೂಡಲೇ ಯಾಕೋ ಮರೆತುಬಿಡುತ್ತೇವೆ.

ಬೇಯಿಸುವುದು ಎರಡು ಹಂತ. ಮೊದಲು ದೊಡ್ಡ ಉರಿಯಲ್ಲಿ, ಅಗಲ ಬಾಣಲೆಯಲ್ಲಿ, ಒಂದಕ್ಕೊಂದು ತಾಗದ ಹಾಗೆ ಮೂರು ನಾಲ್ಕು ನಿಮಿಷ. ಮೈ ಕೆಂಪಾದರೆ ಸಾಕು, ಒಳಗೆ ಹಸಿಯೇ ಇರಲಿ. ಆಮೇಲೆ ಕುದಿಯುವ ಗ್ರೇವಿಗೆ ಬಿಟ್ಟು, ಉರಿ ಸಣ್ಣಗೆ ಮಾಡಿ, ಮುಚ್ಚಿ ಏಳೆಂಟು ನಿಮಿಷ. ಗ್ರೇವಿ ಮೂಳೆ ಕುದಿಸಿದ ನೀರಿನದು, ಅದಕ್ಕೆ ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಚೂರು ಮೆಂತ್ಯ ಕಪ್ಪಗೆ ಹುರಿದ ನಮ್ಮ ಮಾಮೂಲಿ ಪುಡಿ. ಒಲೆ ಆರಿಸಿದ ಮೇಲೆ ಒಂದು ಚಮಚ ಕಾಚಂಪುಳಿ. ಹುಳಿಗೆ ಆಗ ಜಾಗ, ಉಂಡೆ ಬೆಂದಾದ ಮೇಲೆ.

ಹಸಿ ಉಳಿಯಬಾರದು ಎಂಬ ನಿಮ್ಮ ಲೇಖಕರ ಭಯ ಸರಿಯೇ. ಇಡೀ ತುಂಡಿನಲ್ಲಿ ಹೊರಮೈ ಮೇಲಿರುವ ಕ್ರಿಮಿ, ಕೈಮ ಮಾಡಿದಾಗ ಒಳಗೂ ಸೇರುತ್ತದೆ. ಆದ್ದರಿಂದ ನಡು ಬೇಯಲೇಬೇಕು. ಆದರೆ ಅದಕ್ಕೆ 25 ನಿಮಿಷ ಬೇಡ. ಉಂಡೆಯ ನಡುವಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮುಗಿಯಿತು. ಮಗಳು ಬೆಂಗಳೂರಿನಿಂದ ಚುಚ್ಚಿ ನೋಡುವ ಥರ್ಮಾಮೀಟರ್ ತಂದುಕೊಟ್ಟಾಗ ನಾನು ನಕ್ಕಿದ್ದೆ, ಉಂಡೆಗೆ ಜ್ವರ ಬಂದಿದೆಯಾ ಅಂತ. ಈಗ ಅದಿಲ್ಲದೆ ಟರ್ಕಿ ಮುಟ್ಟುವುದಿಲ್ಲ. ಬಣ್ಣ ನೋಡಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಪೂರ್ತಿ ಬೆಂದ ತೊಡೆಮಾಂಸವೂ ಒಮ್ಮೊಮ್ಮೆ ನಸುಗೆಂಪಾಗಿಯೇ ಇರುತ್ತದೆ.

ನಿಮ್ಮ ಲೇಖನದ ಕೊನೆಯಲ್ಲಿ ಒಂದು ಮಾತಿತ್ತು, ವಿದೇಶಿ ಹಕ್ಕಿಯಾದ್ದರಿಂದ ನಮ್ಮ ಮಸಾಲೆ ಹೊಂದುವುದಿಲ್ಲ, ಕೆಚಪ್ ಜೊತೆ ಕೊಡಿ ಅಂತ. ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಇದಕ್ಕೆ. ಟರ್ಕಿಯನ್ನು ಮೊದಲು ಸಾಕಿದವರು ಮೆಕ್ಸಿಕೊ ಕಡೆಯವರು, ನಿಜ. ಹಸಿಮೆಣಸಿನಕಾಯಿಯೂ ಅಲ್ಲಿಯದೇ. ಗೋವಾದಿಂದ ತರಿಸಿದ ಟರ್ಕಿಯನ್ನು ಜಹಾಂಗೀರ್ ಬಾದಶಹ 1612ರಲ್ಲಿ ನೋಡಿ ಬೆರಗಾಗಿ ಚಿತ್ರಕಾರ ಮನ್ಸೂರನಿಂದ ಬರೆಸಿಕೊಂಡ. ಅಂದರೆ 400 ವರ್ಷ ಹಳೆಯ ನೆಂಟ. ಹೆಸರಿನ ಗೊಂದಲ ಇನ್ನೂ ಚಂದ: ಟರ್ಕಿ ದೇಶದವರು ಈ ಹಕ್ಕಿಗೆ ‘ಹಿಂದಿ’ ಅನ್ನುತ್ತಾರೆ, ಡಚ್ಚರು ‘ಕಾಲ್ಕೂನ್’ ಅನ್ನುತ್ತಾರೆ, ಅದು ಕಲ್ಲಿಕೋಟೆಯ ಹೆಸರಿನಿಂದ ಬಂದದ್ದು. ಮಾಕುಟ್ಟ ಘಾಟಿ ಇಳಿದು ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಕಲ್ಲಿಕೋಟೆ ಮುಟ್ಟಬಹುದು. ಡಚ್ಚರ ಲೆಕ್ಕದಲ್ಲಿ ಇದು ನಮ್ಮ ಪಕ್ಕದೂರಿನ ಕೋಳಿ, ಅದಕ್ಕೆ ಕರಿಮೆಣಸು, ಕಾಚಂಪುಳಿ ಹೊಂದದೆ ಕೆಚಪ್ ಹೊಂದುತ್ತದೆಯೇ?

ಕುಶಾಲನಗರದ ಹುಡುಗಿಯನ್ನು ಹೋದ ಭಾನುವಾರ ಮನೆಗೆ ಕರೆದು, ಅವಳು ಕೊಂಡ ಹಕ್ಕಿಯ ಜೊತೆಯಲ್ಲೇ ಹುಟ್ಟಿದ ಇನ್ನೊಂದರಲ್ಲಿ ಉಂಡೆ ಮಾಡಿ ಬಡಿಸಿದೆ. ಊಟದ ನಡುವೆ ಪಕ್ಕದ ತೋಟಕ್ಕೆ ಆನೆ ಬಂದು, ಓಡಿಸುವವರು ಪಟಾಕಿ ಸಿಡಿಸಿದರು. ಸದ್ದು ಕೇಳಿದರೆ ಸಾಕು, ನಮ್ಮ ಗಂಡು ಟರ್ಕಿ ಬಾಲ ಬಿಚ್ಚಿ ‘ಗುಳುಗುಳು’ ಅಂತ ಉತ್ತರ ಕೊಡುತ್ತದೆ, ಪ್ರತಿ ಪಟಾಕಿಗೂ ಒಂದೊಂದು. ಹುಡುಗಿ ನಗುತ್ತಾ ಆರು ಉಂಡೆ ತಿಂದಳು. ‘ಮುದಿ’ ಅಂದದ್ದನ್ನು ವಾಪಸ್ ತಗೊಂಡಳು, ಜೊತೆಗೆ ಡಬ್ಬಿಯಲ್ಲಿ ನಾಲ್ಕು ಕಡಂಬುಟ್ಟನ್ನೂ.

ತಿದ್ದುಪಡಿ ಹಾಕುವುದಾದರೆ ದಯವಿಟ್ಟು ಡಿಸೆಂಬರ್ ಎರಡನೇ ವಾರದೊಳಗೆ ಹಾಕಿ. ಹಕ್ಕಿ ಇನ್ನೂ ಒಂಬತ್ತು ಇವೆ, ಆರು ಕ್ರಿಸ್‌ಮಸ್‌ಗೆ ಹೇಳಿಟ್ಟಾಗಿದೆ. ಕೊಳ್ಳುವವರ ಕೈಯಲ್ಲಿ ನಿಮ್ಮ ಹಳೆಯ ತುಂಡು ಇರಬಾರದು, ಅಷ್ಟೇ ನನ್ನ ಕೋರಿಕೆ.

ಇತಿ,
ಟರ್ಕಿ ಸಾಕುವ ಗೃಹಿಣಿ,
ಸುಂಟಿಕೊಪ್ಪ, ಕೊಡಗು