ಬಿಳಿ ಚಕ್ಕೆಗೆ ಹೆದರಿ ಚರಂಡಿ ಮರೆತೆವು

ಸಂಪಾದಕರಿಗೆ ನಮಸ್ಕಾರ.

ನಾನು ಗೀಸರ್ ರಿಪೇರಿ, ನಲ್ಲಿ ಪೈಪಿನ ಕೆಲಸ ಮಾಡುವವನು. ಇಪ್ಪತ್ತೆರಡು ವರ್ಷದಿಂದ ಈ ಸಣ್ಣ ಊರಿನ ಬಚ್ಚಲುಗಳಲ್ಲಿ ಕೂತು ಕಾಯಿಲ್ ಬಿಚ್ಚುತ್ತಿದ್ದೇನೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಹೋದ ವಾರ ನಮ್ಮ ಬೀದಿಯಲ್ಲಿ ನಡೆದ ಒಂದು ಆಟ ನೋಡಿ ಸುಮ್ನೆ ಇರೋಕಾಗಲಿಲ್ಲ.

ನೀರಿನ ಫಿಲ್ಟರ್ ಮಾರಲು ಇಬ್ಬರು ಬಂದಿದ್ದರು. ಒಂದು ಲೋಟದಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಫಿಲ್ಟರಿನ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಸಿ ಕರೆಂಟು ಕೊಟ್ಟರು. ಸ್ವಲ್ಪ ಹೊತ್ತಿಗೆ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿತು, ಮೇಲೆ ಕೊಳಕು ನೊರೆ. ಅವರ ನೀರು ತಿಳಿಯಾಗೇ ಇತ್ತು. "ಇದನ್ನೇ ಮಕ್ಕಳಿಗೆ ಕುಡಿಸ್ತಿದ್ದೀರಾ ಅಮ್ಮಾ?" ಅಂದರು. ಪಕ್ಕದ ಮನೆಯವರು ಅಲ್ಲೇ ಮುಂಗಡ ಕೊಟ್ಟುಬಿಟ್ಟರು.

ನಾನು ಅವರ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ, "ಇನ್ನೊಂದ್ಸಲ ಬಿಡಿ ನೋಡೋಣ" ಅಂದೆ. ಒಪ್ಪಲಿಲ್ಲ. ಜನ ಸೇರಿದ್ದರಿಂದ ಬಿಡಲೇಬೇಕಾಯಿತು. ಅದೂ ಕಂದು ತಿರುಗಿತು, ನಮ್ಮ ನೀರಿಗಿಂತ ಜಾಸ್ತಿ. ಉಪ್ಪಿನಲ್ಲಿ ಕೊಳೆ ಇತ್ತಾ? ಬಣ್ಣ ಬಂದದ್ದು ಕಡ್ಡಿಯ ಕಬ್ಬಿಣದಿಂದ. ನೀರಲ್ಲಿ ಲವಣ ಇದ್ದರೆ ಕರೆಂಟು ಹರಿದು ಕಬ್ಬಿಣ ಕರಗುತ್ತದೆ, ತುಕ್ಕಾಗುತ್ತದೆ. ಲವಣ ತೆಗೆದ ನೀರಲ್ಲಿ ಕರೆಂಟೇ ಸರಿಯಾಗಿ ಹರಿಯುವುದಿಲ್ಲ. (ಮನೆಯಲ್ಲಿ ಯಾರೂ ಮಾಡಿ ನೋಡಬೇಡಿ, ಜೀವಕ್ಕೆ ಅಪಾಯ.)

ಹಾಗಂತ ನಮ್ಮ ನೀರು ಗಡಸಲ್ಲ ಅನ್ನುತ್ತಿಲ್ಲ. ಮೊನ್ನೆ ಒಂದು ಮನೆಯಲ್ಲಿ ಬಿಚ್ಚಿದ ಕಾಯಿಲ್ ಕಿರುಬೆರಳಿನಷ್ಟಿರಬೇಕಾದ್ದು ಹೆಬ್ಬೆರಳಿಗಿಂತ ದಪ್ಪ ಆಗಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಮೊಟ್ಟೆ ಚಿಪ್ಪಿನ ಹಾಗೆ ಚಕ್ಕೆ ಚಕ್ಕೆ ಉದುರಿತು. ಒಳಗೆ ಬಿಳಿ, ಹೊರಗೆ ತುಸು ಕೆಂಚು. ಒಂದು ಚಕ್ಕೆಗೆ ನಿಂಬೆ ರಸ ಬಿಟ್ಟರೆ ಬುಸ್ ಅಂತ ಗುಳ್ಳೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ತಣ್ಣಗಿರುವಾಗ ಬೈಕಾರ್ಬೊನೇಟ್ ರೂಪದಲ್ಲಿ ಕರಗಿರುತ್ತದೆ, ಕಾದಾಗ ಹೊರಬಿದ್ದು ಕಾಯಿಲಿಗೆ ಅಂಟುತ್ತದೆ. ಆಮೇಲೆ ಶಾಖ ನೀರಿಗೆ ದಾಟದೆ ಕಾಯಿಲೇ ಸುಟ್ಟುಹೋಗುತ್ತದೆ. ತೀರಾ ಬಿಸಿ ಇಡದೆ ಥರ್ಮೋಸ್ಟಾಟನ್ನು 60 ಡಿಗ್ರಿಯ ಒಳಗೆ ಇಟ್ಟರೆ ಚಕ್ಕೆ ಕಟ್ಟುವುದು ಕಡಿಮೆ. ಇದನ್ನು ಹೇಳಿದರೆ ನನ್ನ ಹೊಟ್ಟೆಗೇ ಕಲ್ಲು, ಇರಲಿ.

ಪಾತ್ರೆಯ ತಳದಲ್ಲಿ ಬಿಳಿ ಪುಡಿ ಕೂರುತ್ತೆ ಅಂತ ನೀರು ಕುದಿಸುವುದನ್ನೇ ಬಿಟ್ಟವರಿದ್ದಾರೆ. ಆ ಪುಡಿಯೂ ಇದೇ. ದಯವಿಟ್ಟು ಕುದಿಸಿ. ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಇಷ್ಟೇ ಅನ್ನುವ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಹಾಕಿಲ್ಲ. ಲೀಟರಿಗೆ 200 ಮಿಲಿಗ್ರಾಂ ದಾಟಿದರೆ ಪೈಪಿನಲ್ಲಿ ಚಕ್ಕೆ ಕಟ್ಟಬಹುದು ಅಂತ ಹೇಳುತ್ತದೆ. ಆ ಮಾರಾಟದವರು ಅದ್ದಿ ತೋರಿಸಿದ ಟಿಡಿಎಸ್ ಪೆನ್ನು ಒಟ್ಟು ಲವಣದ ಅಂದಾಜು ಕೊಡುತ್ತದೆ, ಅಷ್ಟೇ. ರೋಗಾಣು ಅದಕ್ಕೆ ಕಾಣುವುದೇ ಇಲ್ಲ. ಲೋಟಕ್ಕೆ ಒಂದು ಹನಿ ಚರಂಡಿ ನೀರು ಬಿದ್ದರೂ ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಚರಂಡಿ ಅಂದೆನಲ್ಲ, ನನಗೆ ಹೆದರಿಕೆ ಇರುವುದು ಅಲ್ಲಿ. ನಮ್ಮ ಬೀದಿಯ ಕೊನೆಯಲ್ಲಿ ಕುಡಿಯುವ ನೀರಿನ ಪೈಪು ಚರಂಡಿಯೊಳಗೇ ಹಾದುಹೋಗುತ್ತದೆ. ಅಲ್ಲೊಂದು ಜಾಯಿಂಟ್. ಯಾರೋ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದಿದ್ದಾರೆ. ನೀರು ಬಿಟ್ಟಾಗ ಆ ಜಾಗದಲ್ಲಿ ಕೊಳಚೆ ಗುಳುಗುಳು ಕುದಿದ ಹಾಗೆ ಕಾಣುತ್ತದೆ. ನಿಲ್ಲಿಸಿದ ಮೇಲೆ ಅದೂ ನಿಲ್ಲುತ್ತದೆ. ಸರಿಹೋಯ್ತು ಅಂದುಕೊಳ್ಳಬೇಡಿ. ಪೈಪು ಖಾಲಿಯಾಗುತ್ತಾ ಒಳಗೆ ಎಳೆತ ಹುಟ್ಟುತ್ತದೆ, ನೀರು ಸೋರಿದ ಸಂದಿಯಲ್ಲೇ ಕೊಳಚೆ ಒಳಗೆ ಹೋಗುತ್ತದೆ. ಮುಂದಿನ ಸಲ ನೀರು ಬಂದಾಗ ಮೊದಲ ಎರಡು ಬಕೆಟ್ ವಾಸನೆ ಬರುವುದು ಇದಕ್ಕೇ, ಅಲ್ವಾ? ಲೈನಿಗೇ ಮೋಟಾರ್ ಹಾಕಿ ಎಳೆದರಂತೂ ಕೇಳುವುದೇ ಬೇಡ. ಇಬ್ಬರಿಗೆ ಹಾಗೆ ಹಾಕಿಕೊಟ್ಟವನು ನಾನೇ. ತಪ್ಪಾಯಿತು, ಈಗ ಕರೆದರೂ ಹೋಗುವುದಿಲ್ಲ.

ಈ ಜಾಯಿಂಟಿನ ವಿಷಯ ನೀರು ಸರಬರಾಜು ಕಚೇರಿಗೆ ಎರಡು ಸಲ ಹೇಳಿದೆ. ಎರಡನೇ ಸಲ ದೂರಿನ ಪುಸ್ತಕ ಇಣುಕಿ ನೋಡಿದರೆ, ನನ್ನ ಹೆಸರಿನ ಮುಂದೆ "ನೀರು ಗಡಸು" ಅಂತ ಬರೆದಿದ್ದರು! "ಭೂಮಿಯೊಳಗಿನ ನೀರೇ ಹಾಗೆ, ನಾವೇನ್ ಮಾಡೋಕಾಗುತ್ತೆ" ಅಂದರು. ಗಡಸು ಅಂತ ಬರೆದುಬಿಟ್ಟರೆ ಯಾರೂ ಏನೂ ಮಾಡಬೇಕಾಗಿಲ್ಲ ನೋಡಿ.

ಅವರು ಟ್ಯಾಂಕಿನ ಬುಡದಲ್ಲಿ ನೀರು ಪರೀಕ್ಷೆ ಮಾಡಿಸುತ್ತಾರಂತೆ. ಕ್ಲೋರಿನ್ ಅಲ್ಲಿದ್ದರೆ ಸಾಲದು, ಮನೆಯ ನಲ್ಲಿಗೆ ಬರುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅನ್ನುತ್ತದೆ ಅದೇ ವಿಶ್ವ ಆರೋಗ್ಯ ಸಂಸ್ಥೆ. ನೋಡುವುದು ಕಷ್ಟವೂ ಅಲ್ಲ. ಡಿಪಿಡಿ ಮಾತ್ರೆಯೊಂದನ್ನು ನೀರಿಗೆ ಹಾಕಿದರೆ, ಕ್ಲೋರಿನ್ ಇದ್ದಷ್ಟು ಗುಲಾಬಿ ಬಣ್ಣ ಬರುತ್ತದೆ. ಕೊನೆಯ ಬೀದಿಯ ಕೊನೆಯ ನಲ್ಲಿಯಲ್ಲಿ ಅದನ್ನು ನೋಡಿ ಅಂಕಿಯನ್ನು ಕಚೇರಿಯ ಬೋರ್ಡಿನಲ್ಲಿ ಬರೆಯಲಿ. ಗಡಸುತನದ ಅಂಕಿಯನ್ನೂ ಬೇಕಾದರೆ ಪಕ್ಕದಲ್ಲೇ ಬರೆಯಲಿ, ಫಿಲ್ಟರ್ ಬೇಕೋ ಬೇಡವೋ ಜನ ತಾವೇ ನೋಡಿಕೊಳ್ಳುತ್ತಾರೆ.

ಜಾಯಿಂಟ್ ತೋರಿಸಲು ನಾನೇ ಬರುತ್ತೇನೆ. ನೀರು ಬಿಡುವ ಹೊತ್ತಿಗೆ ಬಂದರೆ ಹುಡುಕಬೇಕಾಗಿಯೂ ಇಲ್ಲ, ಗುಳ್ಳೆ ಏಳುತ್ತಿರುತ್ತದೆ.

ಇಂತಿ,
ಒಬ್ಬ ಗೀಸರ್ ರಿಪೇರಿಯವನು