ಎರಡೂವರೆ ಇಂಚಿನ ವಿಷಯ

ಚಿ. ಪುಟ್ಟನಿಗೆ,

ನಿನ್ನ ಮಾವ ಮಾಡುವ ಆಶೀರ್ವಾದ. ಇಲ್ಲಿ ಅಮೆರಿಕದ ಕ್ಯಾಂಟನ್‌ನಲ್ಲಿ ನಾವಿಬ್ಬರೂ ಕ್ಷೇಮ. ಹಿಮ ಕರಗಿದೆ. ಗ್ಯಾರೇಜಿನ ಬಾಗಿಲು ತೆಗೆದು ಕೆಲಸ ಮಾಡುವ ಹಾಗಾಗಿದೆ. ನಿಮ್ಮತ್ತೆಗೆ ಮಾತ್ರ ಇದು ಅಷ್ಟೇನೂ ಸಂತೋಷದ ಸುದ್ದಿ ಅಲ್ಲ.

ಮೊನ್ನೆ ನಿಮ್ಮಮ್ಮ ತಿಪಟೂರಿನಿಂದ ಫೋನ್ ಮಾಡಿದ್ದಳು. "ಅಣ್ಣಾ, ನೀನು ಹೇಳಿದರೆ ಕೇಳ್ತಾನೆ, ಆ ಕಾರು ಮಾರಿಸಿಬಿಡು" ಅಂದಳು. ಹೇಳ್ತೀನಮ್ಮ ಅಂದೆ. ಈಗ ಹೇಳಿದ್ದೇನೆ, ಅಲ್ಲಿಗೆ ಆ ಮಾತು ಮುಗಿಯಿತು. ಮೂವತ್ತು ವರ್ಷ ಅದೇ ಹುಚ್ಚು ಹಿಡಿಸಿಕೊಂಡವನು ನಾನು, ಮಾರು ಅನ್ನಲು ನನಗೆ ಯಾವ ಮುಖ?

ಆದರೆ ನೀನು ಕಳಿಸಿದ ವಿಡಿಯೋ ನೋಡಿದ ಮೇಲೆ ಸುಮ್ನೆ ಇರಲಾಗಲಿಲ್ಲ. ಕಾನ್‌ಕಾರ್ಡ್‌ನ ಜೀಮ್ಯಾಕ್ಸ್ ಡ್ರಾಗ್ ರೇಸ್ (ನೇರ ಹಾದಿಯ ಓಟ) ಸ್ಟ್ರಿಪ್‌ನಲ್ಲಿ ಗಂಟೆಗೆ 148 ಮೈಲಿ. ಭೇಷ್. ಅದರ ಕೆಳಗೆ ನೀನು ಬರೆದಿದ್ದೆ: "ಮಾವ, 1,000 ಅಡಿ ದಾಟಿದ ಮೇಲೆ ಸ್ಟೇರಿಂಗ್ ಹಗುರ ಆಗುತ್ತೆ, ಕಾರು ತೇಲಿದ ಹಾಗೆ. ಬಂಪರಿನಡಿ ಮುಂದಕ್ಕೆ ಚಾಚುವ ಕಾರ್ಬನ್ ಸ್ಪ್ಲಿಟರ್ ಹಲಗೆ ಹಾಕಿದರೆ ಸರಿಹೋಗುತ್ತಾ?"

ಆ ವಿಡಿಯೋವನ್ನು ಟಿವಿಗೆ ಹಾಕಿ, ಫಿನಿಶ್ ಗೆರೆ ಹತ್ತಿರ ನಿಲ್ಲಿಸಿ, ಪರದೆ ಮೇಲೆ ಸ್ಕೇಲ್ ಇಟ್ಟು ಅಳೆದೆ. "ಟಿವಿ ಮೇಲೆ ಗೀರು ಬೀಳುತ್ತೆ" ಅಂತ ನಿಮ್ಮತ್ತೆ ಬೈದಳು. ನಿನ್ನ ಮುಂದಿನ ಟೈರು 26 ಇಂಚು ಅಂತ ನನಗೆ ಗೊತ್ತು, ಅದನ್ನೇ ಅಳತೆಗೋಲು ಮಾಡಿಕೊಂಡೆ. ಕಾರು ಗೆರೆಯಲ್ಲಿ ನಿಂತಿರುವಾಗ ಟೈರಿನ ನೆತ್ತಿಗೂ ಫೆಂಡರಿನ ಅಂಚಿಗೂ ಒಂದು ಬೆರಳು ತೂರುವಷ್ಟು ಜಾಗ. ಫಿನಿಶ್‌ನಲ್ಲಿ ಅದಕ್ಕಿಂತ ಎರಡೂವರೆ ಇಂಚು ಜಾಸ್ತಿ. ಹೊರಡುವಾಗ ಮೂತಿ ಎತ್ತುವುದು ಸರಿ, ಎತ್ತಲೇಬೇಕು. ಕೊನೆಯವರೆಗೂ ಎತ್ತಿಕೊಂಡೇ ಓಡುತ್ತಿದೆಯಲ್ಲ, ನಿನ್ನ ಕಾಯಿಲೆ ಅದು.

ನಮ್ಮ ಹಳೇ ಮನೆಯ ಕೊಟ್ಟಿಗೆಗೆ ಹೆಂಚು ತೆಗೆಸಿ ತಗಡು ಹಾಕಿಸಿದ ವರ್ಷ, ನಾನೂ ನಿಮ್ಮ ತಾತನೂ ಒಂದೊಂದೇ ತಗಡು ತಲೆ ಮೇಲೆ ಹೊತ್ತು ರಸ್ತೆಯಿಂದ ಒಳಗೆ ತರುತ್ತಿದ್ದೆವು. ಆಷಾಢದ ಗಾಳಿ. ಮುಂದಿದ್ದ ನಾನು ತಗಡನ್ನು ಮಟ್ಟಸವಾಗಿ ಹಿಡಿದಿರುವವರೆಗೂ ಏನೂ ತೊಂದರೆ ಇರಲಿಲ್ಲ. ಮೂಗಿನ ಮೇಲೆ ನೊಣ ಕೂತಿತು, ಕೈ ಒಂದಿಷ್ಟು ಮೇಲಾಯಿತು, ಅಷ್ಟೇ. ಗಾಳಿ ತಗಡಿನಡಿ ನುಗ್ಗಿ ನನ್ನನ್ನೂ ಸೇರಿಸಿ ಎತ್ತಿಕೊಂಡು ಹೋಗಿ ಬೇಲಿಗೆ ಹಾಕಿತು. ತಾತ ಮೊದಲು ತಗಡು ಸೊಟ್ಟ ಆಗಿದೆಯಾ ಅಂತ ನೋಡಿದರು, ಆಮೇಲೆ ನನ್ನನ್ನು.

ನಿನ್ನ ಮಸ್ಟಾಂಗ್ ಕಾರಿನ ಹೊಟ್ಟೆಯೂ ಒಂದು ತಗಡೇ. ಲೆಕ್ಕ ನೋಡು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 75 ಮೈಲಿಯಲ್ಲಿ ಚದರ ಅಡಿಗೆ 14 ಪೌಂಡ್ ಇದ್ದದ್ದು 150 ಮೈಲಿಯಲ್ಲಿ 57. ವೇಗ ಎರಡರಷ್ಟು, ಒತ್ತಡ ನಾಲ್ಕರಷ್ಟು. ಕಾರಿನ ಎದುರು ಮೈ ಸುಮಾರು 21 ಚದರ ಅಡಿ. ಮುಂಭಾಗ ಎತ್ತುವ ಗುಣಾಂಕ 0.2 ಅಂತ ಇಟ್ಟುಕೋ. ಇದು ನಾನು ಲೆಕ್ಕಕ್ಕೆ ಹಿಡಿದದ್ದು, ನಿನ್ನ ಕಾರಲ್ಲಿ ಅಳೆದದ್ದಲ್ಲ. ಗಾಳಿಯೊಂದೇ 240 ಪೌಂಡ್ ಎತ್ತಿತು. ಫಿನಿಶ್ ಹತ್ತಿರವೂ ನಿನ್ನ ಕಾರು 0.4 ಜಿ (ಗುರುತ್ವಾಕರ್ಷಣೆಯ ಐದರಲ್ಲಿ ಎರಡು ಪಾಲು) ಎಳೆಯುತ್ತಿದ್ದರೆ, ಆ ಎಳೆತಕ್ಕೆ ಇನ್ನೊಂದು 250 ಪೌಂಡ್ ಹಿಂದಕ್ಕೆ ಜಾರಿತು. ಒಟ್ಟು 490. ನಿಂತಾಗ ಮುಂದಿನ ಚಕ್ರಗಳ ಮೇಲೆ ಇದ್ದದ್ದು ಸುಮಾರು 1,700. ರೂಪಾಯಿಯಲ್ಲಿ ನಾಲ್ಕಾಣೆಗಿಂತ ಜಾಸ್ತಿ ಹೋಯಿತು! ಸ್ಟೇರಿಂಗ್ ಹಗುರ ಆಗದೆ ಇನ್ನೇನು?

ಇನ್ನೊಂದು ತಮಾಷೆ ಕೇಳು. ನಿನ್ನ ಮುಂದಿನ ಸ್ಪ್ರಿಂಗು ಮೆತ್ತಗಿನದು. ಚಕ್ರದ ಹತ್ತಿರ ಲೆಕ್ಕ ಹಾಕಿದರೆ ಒಂದೊಂದು ಇಂಚಿಗೆ 100 ಪೌಂಡ್, ಎರಡೂ ಸೇರಿ 200. 490 ಪೌಂಡ್ ಭಾರ ಇಳಿದರೆ ಮೂತಿ ಎಷ್ಟು ಏಳಬೇಕು? ಹತ್ತಿರ ಹತ್ತಿರ ಎರಡೂವರೆ ಇಂಚು. ಟಿವಿ ಮೇಲೆ ಅಳೆದದ್ದೂ ಅಷ್ಟೇ! ನಾನು ಎದ್ದು ಕಾಫಿ ಮಾಡಿಕೊಂಡು ಕುಡಿದೆ. ಇಷ್ಟು ಸರಿಯಾಗಿ ಲೆಕ್ಕ ಕೂಡುವುದು ನೌಕರಿಯಲ್ಲಿದ್ದಾಗ ವರ್ಷಕ್ಕೊಂದು ಸಲ.

ಹಾಗಾಗಿ ಸ್ಪ್ಲಿಟರ್ ಆಮೇಲೆ. ಮೂತಿ ಆಕಾಶ ನೋಡುತ್ತಿರುವಾಗ ಸ್ಪ್ಲಿಟರ್ ಹಾಕಿದರೆ ಅದೇ ತಗಡಿನ ತುದಿಯಾಗುತ್ತದೆ, ಒತ್ತುವ ಬದಲು ಎತ್ತುತ್ತದೆ. ಮೊದಲು ಮೂತಿ ಏಳುವುದಕ್ಕೆ ಒಂದು ಮಿತಿ ಹಾಕು. ನಿನ್ನ ಕಾರಲ್ಲಿ ಇನ್ನೂ ಹಳೇ 90/10 ಸ್ಟ್ರಟ್ (ಕುಲುಕು ತಡೆಯುವ ಶಾಕ್ ಅಬ್ಸಾರ್ಬರ್) ಇದೆ ಅಂದಿದ್ದೆ, ಅಲ್ವಾ? ಅದು ಸಲೀಸಾಗಿ ಮೇಲೇಳುತ್ತದೆ, ಕೆಳಗಿಳಿಯಲು ಮೀನಮೇಷ ಎಣಿಸುತ್ತದೆ. ಆ ಕಾಲಕ್ಕೆ ಸರಿ. ಈಗ ಏಳುವುದನ್ನೂ ಇಳಿಯುವುದನ್ನೂ ಬೇರೆ ಬೇರೆಯಾಗಿ ತಿರುಗಿಸಿ ಹೊಂದಿಸುವ ಸ್ಟ್ರಟ್ ಸಿಗುತ್ತವೆ. ಆದರೆ ಸ್ಟ್ರಟ್ ಮಾಡುವುದು ತಡ ಮಾತ್ರ. ಗಾಳಿ ಬಿಡದೆ ಎತ್ತುತ್ತಲೇ ಇದ್ದರೆ ಎರಡು ಸೆಕೆಂಡು ಆಚೆ ಎತ್ತಿಯೇ ಎತ್ತುತ್ತದೆ. ತಡೆಯಬೇಕಾದದ್ದು ಸ್ಪ್ರಿಂಗು, ಇಲ್ಲ ಲಿಮಿಟರ್ ಪಟ್ಟಿ. ಪಟ್ಟಿ ಕಟ್ಟಿ ಒಂದು ಇಂಚಿನಿಂದ ಶುರು ಮಾಡು. ಹೊರಡುವಾಗ ಹಿಂದಿನ ಟೈರು ಜಾರಿದರೆ ಕಾಲಿಂಚು ಸಡಿಲ ಬಿಡು. ತಲೆಬಾಗಿಲ ಸರಪಳಿಯ ಹಾಗೆ, ಒಳಗಿನವರು ಇಣುಕಿ ನೋಡುವಷ್ಟು ತೆರೆದರೆ ಸಾಕು.

ಈಗ ಮುಖ್ಯವಾದ ಕೆಲಸ. ಇದನ್ನು ಯಾರೂ ಮಾಡುವುದಿಲ್ಲ. ನಾನೂ ಹತ್ತು ವರ್ಷ ಮಾಡಿರಲಿಲ್ಲ. ಅಲೈನ್ಮೆಂಟ್ ಅಂಗಡಿಯವನು ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಹೊಂದಿಸಿ ಕೊಟ್ಟ ಚೀಟಿ ಇದೆಯಲ್ಲ, ಅದು ಕಾರು ನಿಂತ ಎತ್ತರದ್ದು. ನೀನು 148ರಲ್ಲಿ ಓಡಿಸುವುದು ಎರಡೂವರೆ ಇಂಚು ಎತ್ತರದಲ್ಲಿ. ಮೂತಿ ಎದ್ದಾಗ ಚಕ್ರವನ್ನು ತಿರುಗಿಸುವ ಟೈ ರಾಡ್ ಒಂದು ಕಮಾನಿನಲ್ಲಿ ಚಲಿಸುತ್ತದೆ, ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್ ಇನ್ನೊಂದು ಕಮಾನಿನಲ್ಲಿ. ಎರಡೂ ಹೊಂದದಿದ್ದರೆ ಚಕ್ರಗಳು ತಾವಾಗಿಯೇ ತಿರುಗುತ್ತವೆ. ಇದೇ ಬಂಪ್ ಸ್ಟೀರ್. ಪ್ರತಿ ಗಾಳಿ ಬಡಿತಕ್ಕೂ ಮೂತಿ ಏಳುತ್ತದೆ, ಇಳಿಯುತ್ತದೆ, ಪ್ರತಿ ಸಲವೂ ಟೋ ಬದಲಾಗುತ್ತದೆ. ನಿನಗೆ ಗಾಳಿಯಲ್ಲಿ ತೇಲಿದ ಹಾಗೆ ಅನ್ನಿಸುವುದರಲ್ಲಿ ಅರ್ಧ ಭಾಗ ಇದೇ ಅಂತ ನನ್ನ ಗುಮಾನಿ.

ಹೀಗೆ ಮಾಡು. ಮುಂದಿನ ಒಂದೊಂದು ಚಕ್ರದ ಕೆಳಗೂ ಎರಡೆರಡು ವಿನೈಲ್ ಟೈಲ್ ಇಡು, ಮಧ್ಯೆ ಗ್ರೀಸ್ ಸವರು, ಚಕ್ರ ಸಲೀಸಾಗಿ ಜರುಗಲಿ. ಸ್ಟೇರಿಂಗ್ ಅಲ್ಲಾಡದಂತೆ ಕಟ್ಟು. ಕೆ ಮೆಂಬರ್ (ಎಂಜಿನ್ ಹೊರುವ ಅಡಿಚೌಕಟ್ಟು) ಕೆಳಗೆ ಜಾಕ್ ಕೊಟ್ಟು ಮೈ ಮಾತ್ರ ಎತ್ತು, ಚಕ್ರ ನೆಲದಲ್ಲೇ ಇರಲಿ. ಅರ್ಧ ಅರ್ಧ ಇಂಚಿಗೆ ನಿಲ್ಲಿಸಿ ಟೋ ಅಳೆದು ಬರೆದುಕೋ. ಜಾಕ್ ನಂಬಿ ಕೆಳಗೆ ತಲೆ ಹಾಕಬೇಡ, ಸ್ಟ್ಯಾಂಡ್ ಇರಲೇಬೇಕು. ಅಳತೆ ಹೆಚ್ಚು ಬದಲಾದರೆ ಟೈ ರಾಡಿನ ಹೊರತುದಿಗೆ ಸ್ಪೇಸರ್ ಇರುವ ಬಂಪ್ ಸ್ಟೀರ್ ಕಿಟ್ ಹಾಕಿ, ಸಮ ಆಗುವವರೆಗೂ ಸ್ಪೇಸರ್ ಬದಲಾಯಿಸು. ಕೊನೆಗೆ ಟೋವನ್ನು ಕಾರು ಓಡುವ ಎತ್ತರದಲ್ಲಿ ಹೊಂದಿಸು. ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಎಷ್ಟಿದೆ ಅಂತಲೂ ನೋಡು, ಕಡಿಮೆ ಇದ್ದರೆ ಚಕ್ರಕ್ಕೆ ನೇರ ಬರುವ ಮನಸ್ಸೇ ಇರುವುದಿಲ್ಲ. ಮುಂದೆ ರೇಡಿಯಲ್, ಹಿಂದೆ ಬಯಾಸ್ ಪ್ಲೈ ಸ್ಲಿಕ್ (ನುಣುಪು ಮೈಯ ರೇಸ್ ಟೈರು) ಹಾಕಿದ್ದೀಯಾ? ಹಾಗಿದ್ದರೆ ಹಿಂಭಾಗ ಬಳುಕುವುದು ಗಾಳಿಯಿಂದಲ್ಲ, ಟೈರಿನಿಂದ.

ಇಷ್ಟಾದ ಮೇಲೆ ಗಾಳಿ. 1990ರ ನಿನ್ನ ಕಾರು ಕೆಳಗಿನಿಂದ ಉಸಿರಾಡುವ ಜಾತಿಯದು. ರೇಡಿಯೇಟರ್ ಕೆಳಗೆ ಒಂದು ಕಪ್ಪು ಪ್ಲಾಸ್ಟಿಕ್ ಪಟ್ಟಿ ಬರುತ್ತದೆ. ಬಹಳ ಜನ ಅದು ಮುರಿದಾಗ ಕಿತ್ತು ಬಿಸಾಡುತ್ತಾರೆ, ಆಮೇಲೆ ಹೆದ್ದಾರಿಯಲ್ಲಿ ಯಾಕೆ ಬಿಸಿಯಾಗುತ್ತದೆ ಅಂತ ದೊಡ್ಡ ರೇಡಿಯೇಟರ್ ಕೊಳ್ಳುತ್ತಾರೆ. ವಿಡಿಯೋದಲ್ಲಿ ನಿನ್ನ ಕಾರಿಗೂ ಅದು ಕಾಣಲಿಲ್ಲ. ಅದನ್ನು ಹಾಕು, ಇಲ್ಲವೇ ಅದರ ಜಾಗಕ್ಕೆ ಒಳ್ಳೆ ಏರ್ ಡ್ಯಾಮ್ (ಗಾಳಿಗೆ ಅಡ್ಡಕಟ್ಟೆ) ಮಾಡು. ಗಾಳಿ ಹೊಟ್ಟೆಯಡಿ ನುಗ್ಗುವುದು ಕಡಿಮೆಯಾಗುತ್ತದೆ, ಪಟ್ಟಿಯ ಹಿಂದೆ ಒತ್ತಡ ಇಳಿದು ರೇಡಿಯೇಟರಿನ ಗಾಳಿಯೂ ಎಳೆದುಕೊಂಡು ಬರುತ್ತದೆ. ಬಂಪರಿಗೂ ರೇಡಿಯೇಟರಿಗೂ ನಡುವಿನ ಸಂದುಗಳನ್ನು ಫೋಮ್ ಇಟ್ಟು ಮುಚ್ಚು. ಒಳಗೆ ಬಂದ ಗಾಳಿ ರೇಡಿಯೇಟರ್ ದಾಟಿಯೇ ಹೋಗಬೇಕು. ಸಂದಿಯಲ್ಲಿ ನುಗ್ಗಿದ್ದೆಲ್ಲ ಬಾನೆಟ್ ಕೆಳಗೆ ಗುಡ್ಡೆಯಾಗುತ್ತದೆ.

ಬಾನೆಟ್ ಅಂದೆ ನೋಡು, ಇಷ್ಟು ವರ್ಷವಾದರೂ ನನ್ನ ಬಾಯಲ್ಲಿ ಹುಡ್ ಬರುವುದಿಲ್ಲ. ಅದು ಸುಮಾರು 16 ಚದರ ಅಡಿ. ಒಳಗೂ ಹೊರಗೂ ಚದರ ಅಡಿಗೆ 10 ಪೌಂಡ್ ವ್ಯತ್ಯಾಸ ಬಂದರೂ 160 ಪೌಂಡ್ ಮೇಲಕ್ಕೆ ತಳ್ಳುತ್ತದೆ. ನಿನ್ನದು ಫೈಬರ್‌ಗ್ಲಾಸ್, ಮುಂದೆ ಎರಡೇ ಪಿನ್. ನಾಲ್ಕೂ ಮೂಲೆಗೆ ಪಿನ್ ಹಾಕು. ಬಾನೆಟ್ಟಿನ ಹಿಂತುದಿಯ ಎತ್ತರದ ಬಾಯಿ ಬಿಸಿಗಾಳಿ ಹೊರಗೆ ಬಿಡುತ್ತದೆ ಅಂತ ಅಂದುಕೊಂಡಿದ್ದರೆ ಅದೂ ತಪ್ಪು. ಗಾಜಿನ ಬುಡದಲ್ಲಿ ಒತ್ತಡ ಜಾಸ್ತಿ, ಅಲ್ಲಿಂದ ಗಾಳಿ ಒಳಗೇ ಬರುತ್ತದೆ. 1969ರ ಕ್ಯಾಮರೋಗೆ ಕೌಲ್ ಇಂಡಕ್ಷನ್ ಅಂತ, ಗಾಜಿನ ಬುಡದಿಂದ ಎಂಜಿನ್ನಿಗೆ ಗಾಳಿ ಎಳೆಯುವ ಬಾಯಿ, ಕೊಟ್ಟದ್ದು ಅದಕ್ಕೇ. ಹೊರಗೆ ಬಿಡಬೇಕಾದರೆ ರೇಡಿಯೇಟರಿನ ಸ್ವಲ್ಪ ಹಿಂದೆ, ಬಾನೆಟ್‌ನ ಮುಂಭಾಗದಲ್ಲಿ ಕಿಂಡಿ ಕೊರೆಯಬೇಕು. ಎಲ್ಲಿ ಅಂತ ಗೊತ್ತಾಗಲು ಉಲ್ಲನ್ ದಾರದ ತುಂಡುಗಳನ್ನು ಟೇಪ್ ಹಚ್ಚಿ ಅಂಟಿಸು, ಕ್ಯಾಮೆರಾ ಇಟ್ಟು ಒಂದು ರನ್ ಮಾಡು. ದಾರ ಮೈಗೆ ಅಂಟಿ ಹಿಂದಕ್ಕೆ ಮಲಗಿದರೆ ಗಾಳಿ ಸರಾಗ. ಕುಣಿದರೆ ಅಲ್ಲಿ ಏನೋ ಗಲಾಟೆ. ನಿನ್ನ ಊರಿನ ಹತ್ತಿರವೇ, ಮೂರ್ಸ್‌ವಿಲ್‌ನಲ್ಲಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಗಾಳಿ ಸುರಂಗ ಇದೆ. ಅಲ್ಲಿಗೆ ಹೋಗುವುದಾದರೂ ಈ ಎಲ್ಲ ಮುಗಿಸಿಕೊಂಡು ಹೋಗು. ಅಲ್ಲಿ ನಿಂತು ಫೋಮ್ ಕತ್ತರಿಸುವುದು ದುಬಾರಿ.

ಆಮೇಲೆ ಬೇಕಾದರೆ ಸ್ಪ್ಲಿಟರ್. ಗಟ್ಟಿ ಇರಬೇಕು, ಅದರ ಮೇಲೆ ನೀನು ನಿಂತರೂ ಬಗ್ಗಬಾರದು. ಅಮೆರಿಕದ ಡ್ರಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದಲ್ಲಿ ಕಾರಿನ ಮುಂತುದಿಯಿಂದ ಮುಂದಿನ ಆ್ಯಕ್ಸಲ್‌ನ 12 ಇಂಚು ಹಿಂದಿನವರೆಗೆ ನೆಲದಿಂದ 3 ಇಂಚು ಬಿಡಬೇಕು. ಬ್ರೇಕ್ ಹಾಕಿದಾಗ ಮೂತಿ ಕುಸಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿ.

ಈಗ ಹೇಳುವುದು ನಿಮ್ಮತ್ತೆಗೆ ಇವತ್ತಿನವರೆಗೂ ಹೇಳಿಲ್ಲ. ಈ ಪತ್ರ ಎಲ್ಲೆಂದರಲ್ಲಿ ಬಿಸಾಡಬೇಡ. 1996ರಲ್ಲಿ ನನ್ನ ಹಳೇ ಕಾರಿಗೆ ಅಲ್ಯೂಮಿನಿಯಂ ಶೀಟಿನಲ್ಲಿ ನಾನೇ ಆಳವಾದ ಏರ್ ಡ್ಯಾಮ್ ಮಾಡಿದ್ದೆ. ಮುಂಭಾಗ ನೆಲಕ್ಕೆ ಅಂಟಿಕೊಂಡಿತು. ಸ್ಟೇರಿಂಗ್ ಅಂದರೆ ಸ್ಟೇರಿಂಗ್! ಹಿಂದಕ್ಕೆ ಏನೂ ಹಾಕಿರಲಿಲ್ಲ. ಮೂರನೇ ಟೆಸ್ಟ್ ರನ್, ಪಕ್ಕದ ಲೇನ್ ಖಾಲಿ, ದೇವರು ದೊಡ್ಡವನು. ಗೆರೆ ದಾಟಿ ಆ್ಯಕ್ಸಿಲರೇಟರ್ ಮೇಲಿಂದ ಕಾಲು ತೆಗೆದೆ. ಭಾರ ಮುಂದಕ್ಕೆ ಬಂತು, ಹಗುರಾದ ಹಿಂಭಾಗವನ್ನು ಗಾಳಿ ಇನ್ನಷ್ಟು ಎತ್ತಿತು. ಬಾಲ ಮೆಲ್ಲಗೆ ಬಲಕ್ಕೆ ಸರಿದದ್ದು ಸೊಂಟಕ್ಕೆ ಮೊದಲು ಗೊತ್ತಾಯಿತು, ಕಣ್ಣಿಗೆ ಆಮೇಲೆ. ಕಾರು ಅಡ್ಡಡ್ಡ ತಿರುಗಿ, ನಡುವಿನ ಗೆರೆ ದಾಟಿ ಹುಲ್ಲಿನಲ್ಲಿ ನಿಂತಿತು. ಎಂಜಿನ್ ಆಫ್ ಆಗಿತ್ತು. ಹೆಲ್ಮೆಟ್ ಒಳಗೆ ನನ್ನ ಉಸಿರು ಮಾತ್ರ ಕೇಳುತ್ತಿತ್ತು. ಏರ್ ಡ್ಯಾಮ್‌ಗೆ ಒಂದು ಗೀರೂ ಇರಲಿಲ್ಲ.

ಸಣ್ಣವನಿದ್ದಾಗ ಗಾಳಿಪಟಕ್ಕೆ ಬಾಲಂಗೋಚಿ ಕಟ್ಟದೆ ಹಾರಿಸಿ ಗಿರಗಿರ ತಿರುಗಿಸಿದ್ದು ನೆನಪಿದೆಯಾ? ಮುಂದೆ ಒತ್ತಿದಷ್ಟೂ ಹಿಂದೆಯೂ ಹಿಡಿತ ಬೇಕು. ಡಿಕ್ಕಿ ಮೇಲೆ ಹೊಂದಿಸಲು ಬರುವ ಸ್ಪಾಯ್ಲರ್ ಹಾಕು, ನಿನ್ನ ಕ್ಲಾಸಿನ ನಿಯಮ ನೋಡಿಕೊಂಡು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಕಾರಿನ ಹಿಂಭಾಗದ ಸ್ಪಾಯ್ಲರ್ ಮೊದಲು, ಮುಂಭಾಗದ ಏರ್ ಡ್ಯಾಮ್, ಸ್ಪ್ಲಿಟರ್ ಆಮೇಲೆ. ಈ ಕ್ರಮ ತಪ್ಪಿಸಬೇಡ.

ಇದರಲ್ಲಿ ಎಷ್ಟು ಪಳಗಿದವರಿಗೂ ಪೆಟ್ಟು ಬಿದ್ದಿದೆ. ಡ್ರಾಗ್ ರೇಸಿನ ಹೆಸರಾಂತ ಡ್ರೈವರ್ ಡಾನ್ ಗಾರ್ಲಿಟ್ಸ್ 1986ರಲ್ಲಿ ಮೂತಿ ಚೂಪು ಮಾಡಿ, ಡ್ರೈವರ್ ಕೂರುವ ಜಾಗ ಪೂರಾ ಮುಚ್ಚಿ, ಸ್ವಾಂಪ್ ರ‍್ಯಾಟ್ 30 ಕಟ್ಟಿದರು. ಅದರಲ್ಲೇ ಮೊದಲ ಸಲ 270 ಮೈಲಿ ದಾಟಿದರು. ಅದೇ ವರ್ಷ ಇಂಗ್ಲಿಷ್‌ಟೌನಿನಲ್ಲಿ ಅದೇ ಕಾರಿನ ಮೂತಿ ಎದ್ದು, ಗಾಳಿ ಅಡಿಗೆ ಸೇರಿ ಕಾರನ್ನೇ ತಿರುಗಿಸಿ ಹಾಕಿತು. ಪುಣ್ಯಕ್ಕೆ ಅವರು ಉಳಿದರು. ಆ ಕಾರು ಈಗ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಉದ್ದ ಡ್ರಾಗ್‌ಸ್ಟರಿನ ಕಥೆ ಬೇರೆ, ನಿನ್ನ ಕಾರಿನ ಕಥೆ ಬೇರೆ, ಒಪ್ಪಿದೆ. ಗಾಳಿ ಒಂದೇ.

ಇನ್ನೆರಡು ಮೈಲಿ ಜಾಸ್ತಿಯಾದರೆ 150. ಅಲ್ಲಿಗೆ ಪ್ಯಾರಾಚೂಟ್ ಕಡ್ಡಾಯ. ಅದರ ಹಗ್ಗ ಎಳೆಯುವ ಜಾಗ ಕಾರಿನ ಭಾರದ ನಡುಮಟ್ಟಕ್ಕೆ ಸರಿಯಾಗಿರಲಿ. ಮೇಲಿದ್ದರೆ ಮೂತಿ ಎತ್ತುತ್ತದೆ, ಕೆಳಗಿದ್ದರೆ ಹಿಂಭಾಗ ಎತ್ತುತ್ತದೆ. ಕಾರು ತೇಲಿದ ಹಾಗೆ ಅನ್ನಿಸಿದ ಕೂಡಲೇ, ಪಕ್ಕದವನು ಎಷ್ಟೇ ಹತ್ತಿರ ಇದ್ದರೂ, ಕಾಲನ್ನು ಮೆಲ್ಲಗೆ ಎತ್ತು. ಥಟ್ಟನೆ ಎತ್ತಬೇಡ. ಯಾಕೆ ಅಂತ ಮೇಲೆ ಬರೆದಿದ್ದೇನೆ.

ಸ್ಪ್ಲಿಟರ್ ಆರ್ಡರ್ ಮಾಡುವ ಮೊದಲು ನನಗೆ ಟೋ ಅಳತೆ ಕಳಿಸು. ನಿಂತ ಎತ್ತರದಿಂದ ಎರಡೂವರೆ ಇಂಚಿನವರೆಗೆ, ಆರು ಸಾಲು. ಕಾಗದದಲ್ಲಿ ಬರೆದು ಫೋಟೋ ತೆಗೆದರೂ ಸಾಕು. ನಿಮ್ಮತ್ತೆ ಕೊಬ್ಬರಿ ಮಿಠಾಯಿ ಮಾಡಿಟ್ಟಿದ್ದಾಳೆ, ಅಳತೆ ಬಂದ ದಿನವೇ ಪಾರ್ಸೆಲ್ ಹಾಕುತ್ತೇನೆ. ನಿಮ್ಮಮ್ಮನಿಗೆ ಸದ್ಯಕ್ಕೆ, ಹುಡುಗ ಕಾರು ಜಾಕ್ ಮೇಲೆ ಇಟ್ಟಿದ್ದಾನೆ, ಓಡಿಸುತ್ತಿಲ್ಲ ಅಂತ ಹೇಳಿರುತ್ತೇನೆ. ನನ್ನನ್ನು ಸುಳ್ಳ ಮಾಡಬೇಡ.

ಇಂತಿ ನಿನ್ನ ಮಾವ